ಹಡಗಿನ ನಕ್ಷೆಯಲ್ಲಿ ಕಡಲ ತಳಕ್ಕೂ ಜಾಗ ಕೊಡಿ

ಭೂ ವಿಜ್ಞಾನ ಸಚಿವಾಲಯದ ಮಾನ್ಯ ಸಚಿವರಿಗೆ, ಹಾಗೂ ದೇಶದ ಮೊದಲ ಧ್ರುವ ಸಂಶೋಧನಾ ಹಡಗಿನ ವಿನ್ಯಾಸ ನೋಡಿಕೊಳ್ಳುತ್ತಿರುವ ವಿಜ್ಞಾನಿಗಳಿಗೆ ಮತ್ತು ಎಂಜಿನಿಯರುಗಳಿಗೆ

ವಿಷಯ: ಧ್ರುವ ಕಡಲಿನ ತಳದ ಜೀವಿಗಳ ಅಧ್ಯಯನಕ್ಕೆ ಹೊಸ ಹಡಗಿನಲ್ಲಿ ಅನುಕೂಲ ಮಾಡಿಕೊಡುವ ಬಗ್ಗೆ

ಮಾನ್ಯರೇ,

ನಾನು ಕಡಲ ಜೀವವಿಜ್ಞಾನಿ. ಅಂಟಾರ್ಕ್ಟಿಕ ಮತ್ತು ಆರ್ಕ್ಟಿಕ್ ಕಡಲಿನ ತಳದಲ್ಲಿ ಬದುಕುವ ಜೀವಿಗಳ ಬಗ್ಗೆ ಕೆಲಸ ಮಾಡುತ್ತೇನೆ. ಊರು ಕುಮಟಾ ಹತ್ತಿರ, ಅಘನಾಶಿನಿ ಹೊಳೆ ಕಡಲು ಸೇರುವ ಕಡೆ. ಇಂಥ ವಿಷಯವನ್ನು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ, ಸಮಿತಿಯ ಮುಂದೆ, ಹತ್ತು ಜನ ಓದುವ ಹಾಗೆ ಬರೆಯುತ್ತಾರೆ. ನಾನು ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಹಡಗಿಗೆ ಹಾಕುವ ದುಡ್ಡು ನಮ್ಮೂರಿನ ಮೀನುಗಾರರದ್ದೂ ಹೌದು. ಅದರಲ್ಲಿ ಏನಿರಬೇಕು ಅನ್ನುವ ಮಾತು ಅವರ ಕಿವಿಗೂ ಬೀಳಲಿ.

2025ರ ಜೂನ್‌ನಲ್ಲಿ ಓಸ್ಲೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಕೋಲ್ಕತ್ತದ ಗಾರ್ಡನ್ ರೀಚ್ ಶಿಪ್‌ಯಾರ್ಡ್ ಮತ್ತು ನಾರ್ವೆಯ ಕಾಂಗ್ಸ್‌ಬರ್ಗ್ ಸಂಸ್ಥೆ ಸೇರಿ ಭಾರತದ ಮೊದಲ ಧ್ರುವ ಸಂಶೋಧನಾ ಹಡಗಿನ ಕೆಲಸಕ್ಕೆ ಕೈ ಹಾಕುತ್ತವೆ ಎಂಬ ಸುದ್ದಿ ಬಂತು. ಅದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಂಥ ಹಡಗಿಗೆ ಕೇಂದ್ರ ಸಂಪುಟ 1,051 ಕೋಟಿ ರೂಪಾಯಿ ಮಂಜೂರು ಮಾಡಿದ್ದು 2014ರಲ್ಲಿ. ಆಗ ಹಡಗು ಬರಲಿಲ್ಲ. 1981ರಲ್ಲಿ ಡಾ. ಖಾಸಿಂ ಅವರ ಮುಂದಾಳತ್ವದಲ್ಲಿ ಅಂಟಾರ್ಕ್ಟಿಕಕ್ಕೆ ಹೊರಟ ನಮ್ಮ ಮೊದಲ ತಂಡ ಹೋಗಿದ್ದು ಬಾಡಿಗೆ ಹಡಗಿನಲ್ಲಿ. ನಾವೂ ಹೋಗಿದ್ದು ಬಾಡಿಗೆ ಹಡಗಿನಲ್ಲೇ. ಇನ್ನು ಮುಂದೆ ಹೋಗುವ ಮಕ್ಕಳಾದರೂ ನಮ್ಮದೇ ಹಡಗಿನಲ್ಲಿ ಹೋಗುತ್ತಾರೆ.

ಹಡಗು ಕಟ್ಟುವ ಮುಂಚೆ ನಕ್ಷೆ ಆಗುತ್ತದೆ. ನಕ್ಷೆಯಲ್ಲಿ ಬಿಟ್ಟುಹೋದದ್ದನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ. ಒಂದು ಭಾರಿ ವಿಂಚ್, ಅಂದರೆ ಹಗ್ಗ ಸುತ್ತಿ ಭಾರ ಇಳಿಸಿ ಎತ್ತುವ ಯಂತ್ರ, ಕೂರಿಸಬೇಕೆಂದರೆ ಅದರ ಕೆಳಗಿನ ಉಕ್ಕಿನ ಚೌಕಟ್ಟೇ ಬೇರೆ ಥರ ಇರಬೇಕು. ಅದಕ್ಕೇ ಈ ಪತ್ರವನ್ನು ಈಗಲೇ ಬರೆಯುತ್ತಿದ್ದೇನೆ.

ನನ್ನ ಅವ್ವಿ ಬಳಚು, ಅಂದರೆ ಹೊಳೆಯ ಚಿಪ್ಪುಮೀನು, ಹೆಕ್ಕುತ್ತಿದ್ದಳು. ಇಳಿತದ ಹೊತ್ತಿಗೆ ಹೊಳೆಗಿಳಿದು, ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದಲೇ ತಳ ತಡಕುತ್ತಿದ್ದಳು. ಹೆಬ್ಬೆರಳಿಗೆ ಚಿಪ್ಪು ತಾಗಿದ ಕೂಡಲೇ ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಯಾವ ಕಡೆ ಮರಳು ಜಾಸ್ತಿ, ಯಾವ ಕಡೆ ಹೂಳು ಕೂತಿದೆ, ಹೋದ ವರ್ಷದ ಮರಿ ಈ ವರ್ಷ ಎಷ್ಟು ಬೆಳೆದಿದೆ, ಎಲ್ಲ ಅವಳ ಕಾಲಿಗೆ ಗೊತ್ತಿತ್ತು. ದಡದಲ್ಲಿ ನಿಂತು ನೀರು ನೋಡುವವರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ನಾನು ಕಡಲ ತಳದ ಪಾಠವನ್ನು ಮೊದಲು ಕಲಿತದ್ದು ಅಲ್ಲಿ. ಪುಸ್ತಕ, ಕಾಲೇಜು ಎಲ್ಲ ಆಮೇಲೆ ಬಂತು.

ಅಂಟಾರ್ಕ್ಟಿಕದ ಕೆಸರಿನಲ್ಲೂ ನಮ್ಮ ಬಳಚಿನ ದೂರದ ನೆಂಟ ಇದೆ. ಲ್ಯಾಟರ್ನುಲ ಎಲಿಪ್ಟಿಕ ಅಂತ ಅದರ ಹೆಸರು. ಚಿಪ್ಪು ಬಹಳ ತೆಳು, ಜೋರಾಗಿ ಹಿಡಿದರೆ ಒಡೆಯುತ್ತದೆ. ಕೆಸರಿನಲ್ಲಿ ಆಳಕ್ಕೆ ಹೂತುಕೊಂಡು, ದಪ್ಪನೆಯ ಕೊಳವೆಯೊಂದನ್ನು ಮಾತ್ರ ಮೇಲಕ್ಕೆ ಚಾಚಿ ನೀರು ಸೋಸುತ್ತದೆ. ಹಿಮಬಂಡೆ ಬಂದು ತಳ ಉತ್ತುಬಿಟ್ಟರೆ ಇದು ಹೊರಗೆ ಬೀಳುತ್ತದೆ. ಆಗ ಮತ್ತೆ ಕೆಸರಿನೊಳಗೆ ಇಳಿಯಬೇಕು, ಇಲ್ಲವಾದರೆ ಬೇರೆ ಪ್ರಾಣಿಗಳ ಬಾಯಿಗೆ ಬೀಳುತ್ತದೆ. ಬ್ರಿಟಿಷ್ ವಿಜ್ಞಾನಿಗಳು ಇದನ್ನು ಬೇರೆ ಬೇರೆ ಬಿಸಿಯ ನೀರಿನಲ್ಲಿಟ್ಟು ನೋಡಿದರು. ನೀರು 2-3 ಡಿಗ್ರಿ ಸೆಲ್ಸಿಯಸ್‌ಗೆ ಬರುವಷ್ಟರಲ್ಲಿ ಅರ್ಧದಷ್ಟು ಚಿಪ್ಪುಗಳಿಗೆ ಮತ್ತೆ ಹೂತುಕೊಳ್ಳುವ ಶಕ್ತಿ ಹೋಯಿತು. 5 ಡಿಗ್ರಿಗೆ ಒಂದಕ್ಕೂ ಆಗಲಿಲ್ಲ. ನಮ್ಮ ಫ್ರಿಜ್‌ನಲ್ಲಿ ಹಾಲು ಇಡುವ ತಂಪು ಅದಕ್ಕೆ ತಡೆಯಲಾಗದ ಸೆಖೆ. ಇಷ್ಟು ಸೂಕ್ಷ್ಮ ಬದುಕು ಅದು. ಅಲ್ಲಿನ ನೀರು ಸೊನ್ನೆಗಿಂತ ಕೆಳಗೆ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬಹಳ ಕಾಲದಿಂದ ನಿಂತಿದೆ. ಆ ತಣ್ಣಗಿನ ನೀರಿಗೇ ಹೊಂದಿಕೊಂಡು ಬೆಳೆದ ಜೀವಿಗಳಿವು. ಬೇರೆ ಕಡೆ ಓಡಿಹೋಗಲು ಅವಕ್ಕೆ ದಾರಿಯೂ ಇಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಾನು ಹೋದ ಸಲ ನಮ್ಮ ತಂಡಕ್ಕೆ ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆ, ಆಮೇಲೆ ಔಲಿಯ ಹಿಮದಲ್ಲಿ ತರಬೇತಿ ಆಯಿತು. ಕೇಪ್‌ಟೌನ್‌ನಿಂದ ಹಡಗು. ಅದರ ಮೊದಲ ಕೆಲಸ ಅಂಟಾರ್ಕ್ಟಿಕದಲ್ಲಿರುವ ನಮ್ಮ ಸಂಶೋಧನಾ ನೆಲೆಗಳಿಗೆ ಇಂಧನ, ಆಹಾರ, ಯಂತ್ರದ ಬಿಡಿಭಾಗ ಮುಟ್ಟಿಸುವುದು. ಅದು ಸರಿಯೇ. ಚಳಿಗಾಲ ಪೂರ್ತಿ ಅಲ್ಲಿ ಉಳಿಯುವವರ ಜೀವ ಆ ಡೀಸೆಲ್ ಮೇಲೆ ನಿಂತಿದೆ. ಸಾಮಾನು ಇಳಿಸುವ ಕೆಲಸ ಮುಗಿದು, ಹವೆ ಚೆನ್ನಾಗಿದ್ದು, ಹಿಮ ದಾರಿ ಬಿಟ್ಟರೆ ಆಮೇಲೆ ನಮ್ಮ ಸರದಿ. ಆ ಸಲ ಭಾರತಿ ನೆಲೆಯ ಎದುರಿನ ಪ್ರಿಡ್ಜ್ ಕೊಲ್ಲಿಯಲ್ಲಿ ತಳದ ಕೆಲಸಕ್ಕೆ ಸಿಕ್ಕಿದ್ದು ಆರು ಗಂಟೆ. ಎರಡು ವರ್ಷದ ತಯಾರಿಗೆ ಆರು ಗಂಟೆ.

ವಿಂಚ್‌ನ ಹಗ್ಗಕ್ಕೆ ಗ್ರಾಬ್ ಕಟ್ಟಿ ಇಳಿಸಿದೆವು. ಗ್ರಾಬ್ ಅಂದರೆ ಎರಡು ದವಡೆ ಇರುವ ಉಕ್ಕಿನ ಡಬ್ಬಿ. ತಳ ಮುಟ್ಟಿದಾಗ ಬಾಯಿ ಮುಚ್ಚಿ ಒಂದಷ್ಟು ಕೆಸರು ಕಚ್ಚಿಕೊಂಡು ಬರುತ್ತದೆ. 400 ಮೀಟರ್‌ಗೂ ಜಾಸ್ತಿ ಆಳ. ಮೊದಲ ಸಲ ಮೇಲೆ ಬಂದಾಗ ದವಡೆಯ ನಡುವೆ ಮುಷ್ಟಿ ಗಾತ್ರದ ಕಲ್ಲು ಸಿಕ್ಕಿಕೊಂಡಿತ್ತು. ಬರುವ ದಾರಿಯಲ್ಲಿ ಕೆಸರೆಲ್ಲ ಸೋರಿಹೋಗಿತ್ತು. ಎರಡನೇ ಸಲವೂ ಅದೇ ಕಥೆ. ಹಿಮಬಂಡೆಗಳು ಕರಗುತ್ತಾ ಹೋಗುವಾಗ ತಮ್ಮೊಳಗಿನ ಕಲ್ಲುಗಳನ್ನು ದಾರಿಯುದ್ದಕ್ಕೂ ಉದುರಿಸುತ್ತವೆ. ಆದ್ದರಿಂದ ಅಲ್ಲಿನ ತಳದಲ್ಲಿ ಕಲ್ಲು ಇದ್ದೇ ಇರುತ್ತದೆ. ಮೊದಲು ಕ್ಯಾಮೆರಾ ಇಳಿಸಿ ಜಾಗ ನೋಡಿದ್ದರೆ ಹೀಗೆ ಕುರುಡಾಗಿ ತಡಕಬೇಕಿರಲಿಲ್ಲ. ಕ್ಯಾಮೆರಾ ಇರಲಿಲ್ಲ.

ಮೂರನೇ ಸಲ ಬಾಯಿ ಮುಚ್ಚಿಕೊಂಡೇ ಬಂತು. ಹಸಿರು ಬೂದು ಬಣ್ಣದ ನುಣುಪಾದ ಕೆಸರು. ಡೆಕ್ ಮೇಲೆ ಜರಡಿಯಲ್ಲಿ ಹಾಕಿ ಕಡಲ ನೀರು ಬಿಟ್ಟು ಸೋಸಿದೆ. ಎರಡು ಜೊತೆ ಕೈಗವಸು ಹಾಕಿದ್ದರೂ ಐದು ನಿಮಿಷಕ್ಕೆ ಬೆರಳು ನನ್ನದಲ್ಲ ಅನ್ನಿಸಿತು. ಕೆಸರು ಹೋದ ಹಾಗೆ ಜರಡಿಯಲ್ಲಿ ಒಂದೊಂದೇ ಕಾಣತೊಡಗಿತು. ನೂಲಿನಂಥ ಹುಳುಗಳು, ತಾವೇ ಕಟ್ಟಿಕೊಂಡ ಕೆಸರಿನ ಕೊಳವೆಯ ಸಮೇತ. ತೋಳು ಬಳುಕಿಸುತ್ತಿದ್ದ ಎರಡು ಬ್ರಿಟಲ್ ಸ್ಟಾರ್, ನಕ್ಷತ್ರಮೀನಿನ ನೆಂಟರು. ಉಗುರಿನಷ್ಟು ಚಿಕ್ಕ ಚಿಪ್ಪು. ಜರಡಿಯ ತುಂಬ ಬಿಳಿ ಎಳೆಗಳು, ಗಾಜಿನ ಸ್ಪಂಜಿನವು. ಸ್ಪಂಜು ಸತ್ತ ಮೇಲೆ ಅದರ ಗಾಜಿನ ಎಳೆಗಳು ತಳದಲ್ಲಿ ಹಾಸಿಗೆ ಥರ ಹರಡಿಕೊಳ್ಳುತ್ತವೆ. ಅದರ ಮೇಲೆ ಬೇರೆ ಜೀವಿಗಳು ಮನೆ ಮಾಡುತ್ತವೆ. ಆ ಎಳೆಗಳು ಕೈಗವಸು ದಾಟಿ ಚರ್ಮಕ್ಕೆ ಚುಚ್ಚಿಕೊಂಡಿದ್ದವು. ಒಂದು ವಾರ ಬೆರಳು ಚುರುಗುಟ್ಟಿತು. ಆ ಚುರುಚುರು ನನಗೆ ಪ್ರೀತಿಯದು. ಅವ್ವಿಯ ಕಾಲಿಗೆ ಆಗುತ್ತಿದ್ದ ಗಾಯದ ನೆನಪು ಬಂತು.

ನಾಲ್ಕನೇ ಸಲಕ್ಕೆ ಹಿಮ ಹತ್ತಿರ ಬರುತ್ತಿದೆ ಅಂತ ಕ್ಯಾಪ್ಟನ್ ಹೇಳಿದರು. ಹಗ್ಗ ಸುತ್ತಿದೆವು. ಅವರ ತಪ್ಪು ಇದರಲ್ಲಿ ಏನೂ ಇಲ್ಲ, ಯಾರ ತಪ್ಪೂ ಇಲ್ಲ. ಆದರೆ ಒಂದು ದೇಶದ ಅಧ್ಯಯನ ಹೀಗೆ ನಡೆಯಬಾರದು.

ನಮ್ಮಲ್ಲಿ ತಳದ ಕೆಲಸ ಆಗಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನನಗಿಂತ ಹಿರಿಯರು ಬಹಳ ಕಷ್ಟಪಟ್ಟು ಕೆಸರು ತಂದಿದ್ದಾರೆ, ಹುಳು ಎಣಿಸಿದ್ದಾರೆ, ಪ್ರಬಂಧ ಬರೆದಿದ್ದಾರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 'ಪ್ರೂವ್' ಅನ್ನುವ ಚಿಕ್ಕ ನೀರೊಳಗಿನ ರೋಬೋಟ್ ಮಾಡಿ ಅಂಟಾರ್ಕ್ಟಿಕದ ಪ್ರಿಯದರ್ಶಿನಿ ಸರೋವರದಲ್ಲಿ ಇಳಿಸಿ ತೋರಿಸಿದ್ದಾರೆ. 2021ರಲ್ಲಿ ಆಳ ಸಾಗರ ಯೋಜನೆಗೆ 4,077 ಕೋಟಿ ರೂಪಾಯಿ ಕೊಟ್ಟಿದ್ದೀರಿ. ಮೂರು ಜನರನ್ನು 6,000 ಮೀಟರ್ ಆಳಕ್ಕೆ ಇಳಿಸುವ ಮತ್ಸ್ಯ ವಾಹನ ತಯಾರಾಗುತ್ತಿದೆ. ಹಾಗಾಗಿ ನಮಗೆ ಬುದ್ಧಿ ಇಲ್ಲ, ಕೈ ಇಲ್ಲ ಅನ್ನುವ ಮಾತೇ ಇಲ್ಲ. ಧ್ರುವದ ತಳಕ್ಕೆ ಮಾತ್ರ ಇವೆಲ್ಲ ಒಟ್ಟಾಗಿ ಬಂದಿಲ್ಲ. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ, ಬಿಡಿಬಿಡಿ ಕೆಲಸ.

ಸ್ವಂತ ಹಡಗು, ತಳ ನೋಡುವ ಸಲಕರಣೆ ಎರಡೂ ಇದ್ದವರು ಏನು ಕಂಡರು ನೋಡಿ. 2021ರ ಫೆಬ್ರವರಿಯಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಅಂಟಾರ್ಕ್ಟಿಕದ ವೆಡೆಲ್ ಕಡಲಿನಲ್ಲಿತ್ತು. ಹಡಗಿನ ಹಿಂದೆ, ತಳದಿಂದ ಒಂದೆರಡು ಮೀಟರ್ ಮೇಲೆ ಕ್ಯಾಮೆರಾ ಎಳೆಯುತ್ತಿದ್ದರು. ಪರದೆ ಮೇಲೆ ಗುಂಡನೆಯ ತಗ್ಗೊಂದು ಕಂಡಿತು. ಮುಕ್ಕಾಲು ಮೀಟರ್ ಅಗಲದ ಮೀನಿನ ಗೂಡು. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ಮತ್ತೊಂದು. ಗಂಟೆಗಟ್ಟಲೆ ಗೂಡುಗಳು ಮುಗಿಯಲೇ ಇಲ್ಲ. ಸುಮಾರು 240 ಚದರ ಕಿಲೋಮೀಟರ್‌ನಲ್ಲಿ ಅಂದಾಜು 6 ಕೋಟಿ ಗೂಡುಗಳು. ಒಂದೊಂದು ಗೂಡಿನಲ್ಲಿ ಸರಾಸರಿ 1,700ಕ್ಕೂ ಹೆಚ್ಚು ಮೊಟ್ಟೆ, ಬಹಳಷ್ಟರಲ್ಲಿ ಕಾವಲಿಗೆ ಒಂದು ದೊಡ್ಡ ಮೀನು. ರಕ್ತದಲ್ಲಿ ಕೆಂಪು ಬಣ್ಣವೇ ಇಲ್ಲದ ಐಸ್‌ಫಿಶ್ ಜಾತಿ ಅದು. ಪೋಲಾರ್‌ಸ್ಟರ್ನ್ 1982ರಿಂದ ಓಡಾಡುತ್ತಿದೆ. ಅಷ್ಟು ವರ್ಷ ಆ ಕಡಲಿಗೆ ಹೋಗಿ ಬಂದವರಿಗೂ ಅದು ಅಲ್ಲಿದೆ ಅಂತ ಗೊತ್ತಿರಲಿಲ್ಲ. ಆ ದಿನ ಕ್ಯಾಮೆರಾ ತಳದ ಹತ್ತಿರ ಇತ್ತು, ಗೊತ್ತಾಯಿತು.

2025ರ ಜನವರಿ 13ರಂದು ಅಂಟಾರ್ಕ್ಟಿಕದ ಜಾರ್ಜ್-6 ಹಿಮಚಪ್ಪಡಿಯಿಂದ, ಅಂದರೆ ನೆಲದಿಂದ ಕಡಲ ಮೇಲಕ್ಕೆ ಚಾಚಿ ತೇಲುವ ದಪ್ಪ ಹಿಮದಿಂದ, 510 ಚದರ ಕಿಲೋಮೀಟರ್‌ನ ತುಂಡೊಂದು ಕಳಚಿಕೊಂಡಿತು. ಫಾಲ್ಕರ್ ಟೂ ಎಂಬ ಸಂಶೋಧನಾ ಹಡಗು ಬೇರೆ ಕೆಲಸಕ್ಕೆಂದು ಅದೇ ಕಡಲಿನಲ್ಲಿತ್ತು. ಅವರು ಯೋಜನೆ ಬದಲಿಸಿ ಎರಡು ವಾರದೊಳಗೆ ಆ ಜಾಗ ಮುಟ್ಟಿದರು. ಅಷ್ಟು ಕಾಲ ಹಿಮದ ಅಡಿ ಕತ್ತಲೆಯಲ್ಲಿದ್ದ ತಳಕ್ಕೆ ರೋಬೋಟ್ ಇಳಿಸಿ ಎಂಟು ದಿನ ನೋಡಿದರು. ದೊಡ್ಡ ದೊಡ್ಡ ಸ್ಪಂಜು, ಹವಳ, ಕಡಲ ಜೇಡ, ಐಸ್‌ಫಿಶ್. ಮೇಲಿನಿಂದ ಬೆಳಕೂ ಆಹಾರವೂ ಬಾರದ ಕಡೆ ಇಷ್ಟು ತುಂಬಿದ ಸಂಸಾರ.

ಇನ್ನು ನಮ್ಮ ಮನೆ ಬಾಗಿಲ ವಿಷಯ. ಭಾರತಿ ನೆಲೆ ಇರುವ ಪ್ರಿಡ್ಜ್ ಕೊಲ್ಲಿಯ ಒಳಮೂಲೆಯಲ್ಲಿ ಅಮೆರಿ ಹಿಮಚಪ್ಪಡಿ ಇದೆ. ಆಸ್ಟ್ರೇಲಿಯಾದವರು ಅದರಲ್ಲಿ ರಂಧ್ರ ಕೊರೆದು ಕ್ಯಾಮೆರಾ ಇಳಿಸಿದಾಗ, ತೆರೆದ ಕಡಲಿನಿಂದ ಸುಮಾರು 100 ಕಿಲೋಮೀಟರ್ ಒಳಗೆ, ಹಿಮದ ಅಡಿಯಲ್ಲಿ, ನೀರು ಸೋಸಿ ತಿನ್ನುವ ಜೀವಿಗಳ ಗುಂಪೇ ಕಂಡಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಇದೇ ಅಮೆರಿಯಿಂದ 1,600 ಚದರ ಕಿಲೋಮೀಟರ್‌ಗೂ ದೊಡ್ಡ ತುಂಡು ಕಿತ್ತುಕೊಂಡು ತೇಲಿಹೋಯಿತು. ನಮ್ಮ ನೆಲೆ ಇರುವ ಕೊಲ್ಲಿಯಲ್ಲೇ ಆದ ಘಟನೆ. ಅದರ ಅಡಿ ಮುಚ್ಚಿದ್ದ ಕಡಲು ಬಹಳ ವರ್ಷದ ಮೇಲೆ ತೆರೆದುಕೊಂಡಿತು. ಹೋಗಿ ನೋಡಲು ನಮ್ಮ ಹತ್ತಿರ ಸ್ವಂತ ಹಡಗು ಇರಲಿಲ್ಲ. ಆ ಸುದ್ದಿಯನ್ನು ನಾನು ಉಪಗ್ರಹದ ಚಿತ್ರದಲ್ಲಿ ನೋಡಿದೆ. ಊಟ ಸೇರಲಿಲ್ಲ ಆ ದಿನ.

ಆರ್ಕ್ಟಿಕ್‌ನ ಒಂದು ಉದಾಹರಣೆ ಇದಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ನಮ್ಮ ಹಿಮಾದ್ರಿ ನೆಲೆ 2008ರಿಂದ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ನಿ-ಓಲೆಸುಂಡ್‌ನಲ್ಲಿದೆ. ಎದುರಿಗೇ ಕಾಂಗ್ಸ್‌ಫ್ಯೋರ್ಡ್. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಿರಿದಾದ ಕಡಲು. ಅಲ್ಲಿ ನೀರಿನ ಬಿಸಿ, ಉಪ್ಪು ಅಳೆಯಲು 2014ರಲ್ಲಿ ನಾವು 'ಇಂಡಾರ್ಕ್' ಸಲಕರಣೆ ಕಟ್ಟಿದ್ದೇವೆ. ಒಳ್ಳೆಯ ಕೆಲಸ. ಅದೇ ಫ್ಯೋರ್ಡ್‌ನಲ್ಲಿ ನಾರ್ವೆಯ ವಿಜ್ಞಾನಿಗಳು 1980ರಿಂದ ಒಂದು ಸರಳ ಕೆಲಸ ಮಾಡಿಕೊಂಡು ಬಂದಿದ್ದಾರೆ. ಪ್ರತಿ ವರ್ಷ ಮುಳುಗಿ, ಅದೇ ಬಂಡೆಯ ಅದೇ ಚೌಕದ ಫೋಟೋ ತೆಗೆಯುವುದು. ಅಷ್ಟೇ. ವರ್ಷಗಟ್ಟಲೆ ದೊಡ್ಡ ಬದಲಾವಣೆ ಕಾಣಲಿಲ್ಲ. 1995ರ ಹೊತ್ತಿಗೆ ಇದ್ದಕ್ಕಿದ್ದಂತೆ ಕಡಲ ಪಾಚಿ ಬಂಡೆಯ ನೂರಕ್ಕೆ 8 ಭಾಗದಿಂದ 40 ಭಾಗಕ್ಕೆ ಹಬ್ಬಿತು. ಮೊದಲು ಅಲ್ಲಿ ತುಂಬಿದ್ದ ಕಡಲ ಹೂಗಳು, ಅಂದರೆ ಸೀ ಅನಿಮೋನ್‌ಗಳು, ಕಡಿಮೆಯಾದವು. ನೀರು ಬೆಚ್ಚಗಾಗುತ್ತಾ, ಹಿಮ ಮುಚ್ಚುವ ದಿನಗಳು ಕಡಿಮೆಯಾಗುತ್ತಾ ಬಂದಾಗ ತಳ ನಿಧಾನಕ್ಕೆ ಬದಲಾಗಲಿಲ್ಲ, ಒಮ್ಮೆಲೇ ಮಗುಚಿತು. ಇದು ಗೊತ್ತಾದದ್ದು 15 ವರ್ಷ ಸುಮ್ನೆ ಫೋಟೋ ತೆಗೆದಿದ್ದರಿಂದ. ಮೂರು ವರ್ಷದ ಪ್ರಾಜೆಕ್ಟ್‌ನಲ್ಲಿ ಇದು ಯಾರಿಗೂ ಕಾಣುತ್ತಿರಲಿಲ್ಲ. ನಮ್ಮಲ್ಲಿ ಎಲ್ಲ ಮೂರು ವರ್ಷದ ಪ್ರಾಜೆಕ್ಟ್.

ಪ್ರಾಜೆಕ್ಟ್ ಮುಗಿದ ಮೇಲೆ ಏನಾಗುತ್ತದೆ ಅಂತಲೂ ಹೇಳಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಪ್ರಯೋಗಾಲಯ ಬೇರೆ ಕಟ್ಟಡಕ್ಕೆ ಹೋಯಿತು. ನನ್ನ ಅವಧಿ ಮುಗಿದು ನಾನು ಊರಿನಲ್ಲಿದ್ದೆ. ಕಡಲಿನಿಂದ ತಂದ ಜೀವಿಗಳನ್ನು ಕೆಡದ ಹಾಗೆ ಇಟ್ಟಿದ್ದ ಫಾರ್ಮಾಲಿನ್ ಜಾಡಿಗಳು ಯಾರ ಪಟ್ಟಿಯಲ್ಲೂ ಇರಲಿಲ್ಲ. ಅಪಾಯದ ರಾಸಾಯನಿಕ ಅಂತ ಹೊರಗೆ ಹಾಕಿದರು. ಸಹಾಯಕರೊಬ್ಬರು ಫೋನ್ ಮಾಡಿ, "ಮೇಡಂ, ನಿಮ್ಮ ಹುಳುಗಳನ್ನ ಬಿಸಾಡ್ತಾ ಇದಾರೆ, ಬೇಗ ಬನ್ನಿ" ಅಂದರು. ರಾತ್ರಿ ಬಸ್ ಹತ್ತಿ ಹೋದೆ. 60ಕ್ಕೂ ಹೆಚ್ಚು ಜಾಡಿಗಳಲ್ಲಿ ಸಿಕ್ಕಿದ್ದು 14. ಕೆಲವದರ ಚೀಟಿ ನೆನೆದು ಅಕ್ಷರ ಹೋಗಿತ್ತು. ಯಾವ ಕಡಲು, ಎಷ್ಟು ಆಳ, ಯಾವ ದಿನ ಅನ್ನುವ ಚೀಟಿ ಇಲ್ಲದ ಜಾಡಿ ಬರೀ ಸತ್ತ ಹುಳು. ಆ ಸಂಸ್ಥೆಯ ಹೆಸರು ಹೇಳುವುದು ನನ್ನ ಉದ್ದೇಶ ಅಲ್ಲ. ಜಾಗ ಇಲ್ಲ, ಜನ ಇಲ್ಲ, ನೋಡಿಕೊಳ್ಳಿ ಅಂತ ಯಾರಿಗೂ ಹೇಳಿಲ್ಲ. ಹಾಗಿರುವಾಗ ಇದು ಇನ್ನೊಂದು ಕಡೆಯೂ ಆಗಬಹುದು, ಅಲ್ವಾ?

ಆ ಜಾಡಿಗಳ ಬೆಲೆ ಏನು ಅಂತ ಕೇಳುವವರಿಗೆ ಒಂದು ಮಾತು. ದಕ್ಷಿಣ ಸಾಗರದಲ್ಲಿ ಈವರೆಗೆ 8,000ಕ್ಕೂ ಹೆಚ್ಚು ಜಾತಿಯ ಜೀವಿಗಳಿಗೆ ಹೆಸರಿಟ್ಟಿದ್ದಾರೆ. ಅದರಲ್ಲಿ ಬಹುಪಾಲು ತಳದಲ್ಲಿ ಬದುಕುವಂಥವು. ಹೆಸರಿಡದೆ ಉಳಿದಿರುವುದು ಇನ್ನೂ ಬಹಳ. ಒಂದು ಹುಳುವನ್ನು ನೋಡಿ, ಅದರ ಕಾಲಿನ ರೋಮ ಎಣಿಸಿ, ಇದು ಇಂಥದ್ದೇ ಅಂತ ಹೇಳಬಲ್ಲವರು ನಮ್ಮ ದೇಶದಲ್ಲಿ ಕಡಿಮೆಯಾಗುತ್ತಿದ್ದಾರೆ. ನನಗೆ ಹುಳು ಗುರುತಿಸಲು ಕಲಿಸಿದ ಗುರುಗಳು ನಿವೃತ್ತರಾದಾಗ ಆ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಸೂಕ್ಷ್ಮದರ್ಶಕದ ಮೇಲೆ ಬಟ್ಟೆ ಹೊದಿಸಿ ಬೀಗ ಹಾಕಿದರು.

ಇದೆಲ್ಲ ಬರೀ ವಿಜ್ಞಾನಿಗಳ ಆಸೆ ಅಂತ ದಯವಿಟ್ಟು ತಿಳಿಯಬೇಡಿ. ದೇಶದ ಮಾತಿಗೂ ಇದಕ್ಕೂ ನೇರ ಸಂಬಂಧ ಇದೆ. ಅಂಟಾರ್ಕ್ಟಿಕದ ಸುತ್ತಲಿನ ಕಡಲಿನ ಜೀವಿಗಳನ್ನು ಕಾಯುವ ಆಯೋಗ ಪ್ರತಿ ವರ್ಷ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಸೇರುತ್ತದೆ. ಭಾರತ ಅದರ ಸದಸ್ಯ. 2021ರಲ್ಲಿ ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಕಡಲನ್ನು ಸಂರಕ್ಷಿತ ಪ್ರದೇಶ ಮಾಡಬೇಕು ಎಂಬ ಪ್ರಸ್ತಾವಕ್ಕೆ ಭಾರತ ಸಹಿ ಹಾಕಿ ಜೊತೆ ನಿಂತಿತು. ಆ ತೀರ್ಮಾನಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ಕೆಲಸ ಆಗುತ್ತದೆ. ಒಬ್ಬರು ಬೇಡ ಅಂದರೂ ನಿಲ್ಲುತ್ತದೆ. ರಾಸ್ ಕಡಲಿನ ಸುಮಾರು 15.5 ಲಕ್ಷ ಚದರ ಕಿಲೋಮೀಟರ್‌ಗೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಪೂರ್ವ ಅಂಟಾರ್ಕ್ಟಿಕದ ಪ್ರಸ್ತಾವ ಅದಕ್ಕೂ ಮುಂಚಿನಿಂದ ಮೇಜಿನ ಮೇಲಿದೆ. ಮೊದಲು ಏಳು ಪ್ರದೇಶಗಳಿದ್ದವು. ಚೌಕಾಸಿಯಲ್ಲಿ ಮೂರಕ್ಕೆ ಇಳಿದವು. ಬಿಟ್ಟುಹೋದವುಗಳಲ್ಲಿ ಪ್ರಿಡ್ಜ್ ಕೊಲ್ಲಿಯೂ ಒಂದು. ನಮ್ಮ ಭಾರತಿ ನೆಲೆಯ ಎದುರಿನ ಕಡಲು.

ವಿರೋಧಿಸುವವರು ಪ್ರತಿ ಸಲ ಕೇಳುವುದು ಪುರಾವೆ. ತಳದಲ್ಲಿ ಏನಿದೆ, ಎಲ್ಲಿದೆ, ಎಷ್ಟಿದೆ ತೋರಿಸಿ ಅನ್ನುತ್ತಾರೆ. ನಮ್ಮ ನೆಲೆಯ ಎದುರಿನ ತಳದ ಬಗ್ಗೆ ನಾವೇ ತೆಗೆದ ಚಿತ್ರ, ನಾವೇ ಮಾಡಿದ ಲೆಕ್ಕ ಕೈಯಲ್ಲಿ ಜಾಸ್ತಿ ಇದ್ದರೆ ನಮ್ಮ ಪ್ರತಿನಿಧಿಯ ಮಾತಿಗೆ ಬೇರೆಯೇ ತೂಕ ಬರುತ್ತದೆ. ಪುರಾವೆ ಬರುವ ತನಕ ಕಾಯುವುದರ ಫಲವೂ ಅಲ್ಲಿ ಕಂಡದ್ದೇ. 1969-70ರ ಒಂದೇ ಋತುವಿನಲ್ಲಿ ಸೌತ್ ಜಾರ್ಜಿಯಾ ದ್ವೀಪದ ಸುತ್ತ ಸುಮಾರು 4 ಲಕ್ಷ ಟನ್ ಮಾರ್ಬಲ್ಡ್ ರಾಕ್‌ಕಾಡ್ ಮೀನು ಹಿಡಿದರು. ಒಂದೆರಡು ವರ್ಷಕ್ಕೆ ಮೀನೇ ಬರಿದಾಯಿತು. ಟ್ರಾಲ್ ಬಲೆ ತಳ ಗೀಚಿದರೆ ಏನಾಗುತ್ತದೆ ಅಂತ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿನ ಜೀವಿಗಳು ಬೆಳೆಯುವ ವೇಗವೂ ಬಹಳ ಕಡಿಮೆ. ಅಂಟಾರ್ಕ್ಟಿಕದ ಒಂದು ಜಾತಿಯ ಸೀ ಅರ್ಚಿನ್, ಅಂದರೆ ಮುಳ್ಳಿನ ಚೆಂಡಿನಂಥ ಜೀವಿಯ ಮರಿ, ನೀರಿನಲ್ಲಿ ತೇಲುತ್ತಾ ಬೆಳೆದು ತಳಕ್ಕಿಳಿಯಲು ಸುಮಾರು ನಾಲ್ಕು ತಿಂಗಳು ಬೇಕು. ಒಮ್ಮೆ ಕೆಡಿಸಿದ್ದು ನಮ್ಮ ಮಕ್ಕಳ ಕಾಲಕ್ಕೂ ಸರಿಹೋಗದೆ ಇರಬಹುದು.

ಈಗ ನಾನು ಕೇಳುವುದನ್ನು ನೇರವಾಗಿ ಕೇಳುತ್ತೇನೆ.

ಹಡಗಿನ ಹಿಂಭಾಗದ ಡೆಕ್‌ನಲ್ಲಿ ತಳದ ಕೆಲಸಕ್ಕೇ ಅಂತ ಒಂದು ಗಟ್ಟಿ ವಿಂಚ್, ಉದ್ದದ ಕೇಬಲ್, ಭಾರ ಇಳಿಸುವ ಚೌಕಟ್ಟು ಇರಲಿ. ಹಡಗಿನ ನಡುವೆ ಬಾವಿಯಂಥ ತೂತು ಇರಲಿ. ಬ್ರಿಟನ್ನಿನ ಸರ್ ಡೇವಿಡ್ ಆಟೆನ್‌ಬರೋ ಹಡಗಿನಲ್ಲಿ 4 ಮೀಟರ್ ಚೌಕದ ಇಂಥ ಬಾವಿ ಇದೆ. ಸುತ್ತ ಹಿಮ ಮುಚ್ಚಿದ್ದರೂ ಅದರೊಳಗಿಂದ ಕ್ಯಾಮೆರಾ, ರೋಬೋಟ್ ಇಳಿಸಬಹುದು. ನಮ್ಮ ಹಗ್ಗ ಸುತ್ತಿದ ಆ ದಿನ ಇಂಥದ್ದೊಂದು ಇದ್ದಿದ್ದರೆ ಕೆಲಸ ಮುಂದುವರಿಯುತ್ತಿತ್ತೇನೋ. ಚೆನ್ನೈನಲ್ಲಿ ರೋಬೋಟ್ ಕಟ್ಟಬಲ್ಲವರಿದ್ದಾರೆ. ಅವರನ್ನೂ ಕೋಲ್ಕತ್ತದವರನ್ನೂ ಈಗಲೇ ಒಂದು ಮೇಜಿಗೆ ಕೂರಿಸಿ. ಕೆಸರು ತೊಳೆಯುವ ಕೋಣೆಯ ನೆಲಕ್ಕೆ ಸರಿಯಾದ ಇಳಿಜಾರು, ದೊಡ್ಡ ಚರಂಡಿ ಬೇಕು. ಜೀವಂತ ಚಿಪ್ಪುಗಳನ್ನು ಇಡಲು ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಿರುವ ಒಂದು ಕೋಣೆ ಬೇಕು. ಇವು ಚಿಕ್ಕ ಸಂಗತಿ ಅನ್ನಿಸಬಹುದು. ಜರಡಿಯ ನೀರು ಹೋಗಲು ದಾರಿ ಇಲ್ಲದೆ, ಬಕೆಟ್‌ನಲ್ಲಿ ಹೊತ್ತು ಚೆಲ್ಲಿದವರಿಗೆ ಅವು ಚಿಕ್ಕದಲ್ಲ.

ಹಡಗು ಬಂದ ಮೇಲೂ ಒಂದು ಭಯ ಇದೆ. ಸಾಮಾನು ಸಾಗಿಸುವ ಹೊಣೆಯೇ ಅದರ ಹೆಗಲಿಗೆ ಬಿದ್ದು, ಸಂಶೋಧನೆಗೆ ಮತ್ತೆ ಉಳಿದ ಗಂಟೆಗಳೇ ಸಿಗಬಹುದು. ಹಾಗಾಗಿ ಪ್ರತಿ ಯಾನದಲ್ಲಿ ತಳದ ಕೆಲಸಕ್ಕೆ ಇಷ್ಟು ದಿನ ಅಂತ ಮೊದಲೇ ಬರೆದಿಡಿ. ನಾನು ಹತ್ತು ದಿನ ಕೇಳುತ್ತೇನೆ.

ಭಾರತಿ ನೆಲೆಯ ಎರಡು ಬದಿಗೂ ನೀರಿದೆ, ಥಾಲಾ ಫ್ಯೋರ್ಡ್ ಮತ್ತು ಕ್ವಿಲ್ಟಿ ಕೊಲ್ಲಿ. ಅಲ್ಲಿ ಕೆಲವು ಜಾಗ ಗುರುತು ಮಾಡಿ, ಪ್ರತಿ ಬೇಸಿಗೆ ಅದೇ ಜಾಗದ ಚಿತ್ರ ತೆಗೆಯುವ ಕೆಲಸ ಶುರು ಮಾಡಿ. ಹಡಗು ಬರುವ ತನಕ ಕಾಯಬೇಕಿಲ್ಲ. ಚಿಕ್ಕ ರೋಬೋಟ್ ಸಾಕು, ಮುಂದಿನ ಬೇಸಿಗೆಗೇ ಆಗುತ್ತದೆ. ಭಾರತಿ ನೆಲೆ ಇರುವ ಲಾರ್ಸೆಮನ್ ಬೆಟ್ಟಗಳು 2007ರಿಂದ ವಿಶೇಷ ನಿರ್ವಹಣೆಯ ಪ್ರದೇಶ. ಅಲ್ಲಿ ನಮ್ಮದಲ್ಲದೆ ಚೀನಾ, ರಷ್ಯಾದ ನೆಲೆಗಳೂ ಇವೆ. ಇಷ್ಟು ಜನ ಓಡಾಡುವ ಕಡೆ ನಮ್ಮಿಂದ ತಳಕ್ಕೆ ಏನಾಗುತ್ತಿದೆ ಅಂತ ನೋಡಿಕೊಳ್ಳುವುದು ನಮ್ಮದೇ ಹೊಣೆ. ಅಮೆರಿಕದ ಮೆಕ್‌ಮರ್ಡೋ ನೆಲೆಯ ಎದುರಿನ ವಿಂಟರ್ ಕ್ವಾರ್ಟರ್ಸ್ ಕೊಲ್ಲಿಯ ತಳ ಹಳೆಯ ಕಸ, ಎಣ್ಣೆಯಿಂದ ಹೇಗೆ ಕೆಟ್ಟಿತು ಅನ್ನುವುದು ಎಲ್ಲರಿಗೂ ಗೊತ್ತಿದೆ. ಹಿಮಾದ್ರಿಯಲ್ಲಿ ನಾರ್ವೆಯವರ ಜೊತೆ ಸೇರಿ ಇಂಥದ್ದೇ ಕೆಲಸ ಮಾಡಬಹುದು. ಈ ಕೆಲಸಕ್ಕೆ ಮೂರು ವರ್ಷದ ಲೆಕ್ಕ ಹಾಕಬೇಡಿ. ಇಪ್ಪತ್ತು ವರ್ಷಕ್ಕೆ ಬರೆಯಿರಿ. ಯಾರು ನಿವೃತ್ತರಾದರೂ, ಯಾರ ಅವಧಿ ಮುಗಿದರೂ ನಿಲ್ಲದ ಹಾಗೆ.

ಕೊನೆಯದು, ಧ್ರುವದಿಂದ ತಂದ ಜೀವಿಗಳಿಗೆ ಒಂದು ಕಾಯಂ ಮನೆ. ಪಟ್ಟಿ, ಚೀಟಿ, ಬೀಗ, ಜವಾಬ್ದಾರಿ ಇರುವ ಒಬ್ಬ ಮನುಷ್ಯ. ಅವುಗಳನ್ನು ಗುರುತಿಸಬಲ್ಲ ಆರೆಂಟು ಜನರಿಗೆ ಕಾಯಂ ಕೆಲಸ. ಕಾರವಾರದಲ್ಲಿ, ಮಂಗಳೂರಿನಲ್ಲಿ, ಕೊಚ್ಚಿಯಲ್ಲಿ ಕಡಲ ವಿಜ್ಞಾನ ಓದುವ ಮಕ್ಕಳಿದ್ದಾರೆ. ಕಳೆದ ತಿಂಗಳು ಒಬ್ಬ ಹುಡುಗಿ ನನ್ನ ಹತ್ತಿರ ಬಂದು, "ಮೇಡಂ, ನಾನು ಹುಳುಗಳ ಮೇಲೆ ಪಿಎಚ್‌.ಡಿ. ಮಾಡಿದರೆ ಆಮೇಲೆ ಕೆಲಸ ಸಿಗುತ್ತದಾ?" ಅಂತ ಕೇಳಿದಳು. ಮೀನುಗಾರರ ಮನೆ ಹುಡುಗಿ, ಚುರುಕು ಕಣ್ಣು. ಚಿಪ್ಪು ನೋಡಿದ ಕೂಡಲೇ ಎಡ ಯಾವುದು, ಬಲ ಯಾವುದು ಹೇಳುತ್ತಾಳೆ. ನನಗೆ ಹೌದು ಅನ್ನಲು ಬಾಯಿ ಬರಲಿಲ್ಲ. ಅವಳಿಗೆ ಉತ್ತರ ನೀವು ಕೊಡಬೇಕು.

ಉಳಿದ ಆ 14 ಜಾಡಿಗಳು ಈಗ ನನ್ನ ಹತ್ತಿರ, ಕಾಲೇಜಿನವರು ಬಿಟ್ಟುಕೊಟ್ಟ ಒಂದು ಕಬ್ಬಿಣದ ಕಪಾಟಿನಲ್ಲಿವೆ. ಆರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ದ್ರವ ನೋಡುತ್ತೇನೆ, ಕಡಿಮೆಯಾಗಿದ್ದರೆ ತುಂಬಿಸುತ್ತೇನೆ. ಚೀಟಿಗಳನ್ನು ಪೆನ್ಸಿಲ್‌ನಲ್ಲಿ ಮತ್ತೆ ಬರೆದು ಒಳಗೆ ಹಾಕಿದ್ದೇನೆ. ಅವು ನನ್ನ ಸ್ವತ್ತಲ್ಲ, ದೇಶದ್ದು. ಸರಿಯಾದ ಒಂದು ಜಾಗ ತಯಾರಾದ ದಿನ ನನಗೆ ವಿಳಾಸ ಕೊಡಿ. ಒಂದೂ ಒಡೆಯದ ಹಾಗೆ ನಾನೇ ತಂದು ಮುಟ್ಟಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಘನಾಶಿನಿ ದಡದ ಒಬ್ಬ ಕಡಲ ಜೀವವಿಜ್ಞಾನಿ